ನಿಮ್ಮಪ್ಪನಿಗೆ ಮಾತು ಕಲಿಸುವುದು

ಮಸ್ಕಿ
12-8-2024, ಶ್ರಾವಣ ಸೋಮವಾರ

ಮುದ್ದಿನ ಮಗಳು ಶಿವಕುಮಾರಿಗೆ ನಿಮ್ಮವ್ವ ಮಾಡುವ ಆಶೀರ್ವಾದ.

ಹೇಗಿದ್ದೀ? ಸೊಂಟನೋವು ಕಡಿಮೆಯಾಯಿತೇ? ಲಿಂಗಸುಗೂರಿನ ಆ ಮೂರನೇ ಅಂತಸ್ತಿಗೆ ನೀರಿನ ಕೊಡ ಹೊತ್ತು ಹತ್ತಬೇಡ ಎಂದು ಎಷ್ಟು ಸಲ ಹೇಳಲಿ? ಅಳಿಯಂದಿರಿಗೂ ಕೈಕಾಲು ಇವೆ. ಫೋನಿನಲ್ಲಿ ಮಾತಾಡಿದರೆ ನಿಮ್ಮಪ್ಪನ ಕಿವಿಗೆ ಬೀಳುತ್ತದೆ. ಲಕ್ವ ಹೊಡೆದದ್ದು ನಾಲಿಗೆಗೆ, ಕಿವಿಗಲ್ಲ. ಅದಕ್ಕೇ ಈ ಕಾಗದ.

ಅವರು ಉಣ್ಣುತ್ತಾರೆ, ಮೆಲ್ಲಗೆ ನಡೆಯುತ್ತಾರೆ. ಮಾತು ಬರಬೇಕಷ್ಟೆ. ಅಮಾವಾಸ್ಯೆಯೊಳಗೆ ಮಾತು ಬರದಿದ್ದರೆ ಕಾರು ತಂದು ಅಪ್ಪನನ್ನು ಕರೆದೊಯ್ಯುತ್ತೇನೆ ಎಂದಿದ್ದೀ. ಅವಸರ ಬೇಡ. ವಾರಕ್ಕೊಮ್ಮೆ ಸಿಂಧನೂರಿಗೆ, ಮಾತು ಕಲಿಸುವ ಹುಡುಗಿಯ ಬಳಿಗೆ ಬಸ್ಸಿನಲ್ಲಿ ಕರೆದುಕೊಂಡು ಹೋಗುತ್ತೇನೆ. ನಿರಾಶ್ರಿತರ ಆರ್.ಎಚ್. ಕ್ಯಾಂಪಿನ ಬಂಗಾಲಿ ಹುಡುಗಿ, ಬಹಳ ತಾಳ್ಮೆ. ಬೆಕ್ಕು, ಆಕಳಿನ ಚಿತ್ರ ತೋರಿಸಿ ಇದೇನೆಂದು ಕೇಳುತ್ತಾಳೆ. ಇವರು ತುಟಿ ಬಿಗಿದು ಕೂರುತ್ತಾರೆ. "ಅಜ್ಜಾರ, ಕೂಸು ತಪ್ಪು ತಪ್ಪು ಮಾತಾಡೇ ಕಲೀತದ. ತಪ್ಪಾದ್ರೂ ಬಾಯಿ ಬಿಡ್ರಿ" ಎಂದಳು. ನನಗೆ ನಗು ತಡೆಯಲಾಗಲಿಲ್ಲ. ಪ್ರತಿ ಶ್ರಾವಣ ಮಠದಲ್ಲಿ ಪುರಾಣ ಹೇಳುತ್ತಿದ್ದವರು ಇವರೇ ಅಲ್ಲವೇ? "ಕಲಿಯಾವ ಕೂಸಾಗಬೇಕು, ಗೊತ್ತಿಲ್ಲ ಅನ್ನಾಕ ನಾಚಬಾರದು" ಎಂದು ಮೈಕಿನಲ್ಲಿ ಹೇಳುವಾಗ ಹೆಂಗಸರು ಕಣ್ಣೊರೆಸಿಕೊಳ್ಳುತ್ತಿದ್ದರು. ಈಗ ಆಕಳನ್ನು ಆಕಳು ಎನ್ನಲು ಈ ಕರಿಬಸಯ್ಯನವರಿಗೆ ನಾಚಿಕೆ.

ನಿನಗೆ ನೆನಪಿರಬೇಕು, ಐವತ್ತು ದಾಟಿದ ಮೇಲೆ ನಾನು ಭಜನೆಯ ಹೆಂಗಸರ ಜೊತೆ ಹಾರ್ಮೋನಿಯಂ ಪೇಟಿ ನುಡಿಸಲು ಕಲಿಯುತ್ತಿದ್ದೆ. ಪುರಾಣ ಮುಗಿಯುವ ದಿನ, ತುಂಬಿದ ಸಭೆಯಲ್ಲಿ ನಿಮ್ಮಪ್ಪ ನನ್ನನ್ನು ಕರೆದು ನುಡಿಸು ಎಂದರು. ಬೆರಳು ತಡವರಿಸಿತು. "ರೊಟ್ಟಿ ಹಿಟ್ಟು ನಾದೋ ಕೈ, ಪೇಟಿನೂ ನಾದಾಕತ್ತೈತಿ ನೋಡ್ರಿ" ಎಂದರು, ಅದೇ ಮೈಕಿನಲ್ಲಿ. ಸ್ವಾಮಿಗಳೂ ನಕ್ಕರು. ಅವತ್ತೇ ಪೇಟಿ ಬಿಟ್ಟವಳು ಈಗ ಮತ್ತೆ ಶುರು ಮಾಡಿದ್ದೇನೆ. ತಪ್ಪು ನುಡಿಸಿದರೂ ಆಡಿಕೊಳ್ಳುವ ಬಾಯಿ ಮನೆಯಲ್ಲಿಲ್ಲ.

ಮನೆಯಲ್ಲಿ ಇವರಿಗೆ ಪಾಠ ನನ್ನದೇ. ತಟ್ಟೆಯನ್ನು ನನ್ನ ತೊಡೆಯ ಮೇಲೆ ಇಟ್ಟುಕೊಂಡು ಕೂರುತ್ತೇನೆ. ರೊಟ್ಟಿ ಎಂದರೆ ಪೂರ್ತಿ ರೊಟ್ಟಿ, ತೊದಲಿದರೆ ಅರ್ಧ. ಪಲ್ಯ ಎನ್ನದಿದ್ದರೆ ಪಲ್ಯ ಇಲ್ಲ. ಪಕ್ಕದ ಮನೆಯ ಅಮರೇಶ್ವರಿಯನ್ನೂ ಕರೆದು ಎದುರಿಗೆ ಕೂರಿಸುತ್ತೇನೆ, ಇವರಿಗೆ ಸಭೆಯೆಂದರೆ ಇಷ್ಟವಲ್ಲವೇ. ಅವಳು "ಪಾಪ, ಬಿಡಬೇ ಯಕ್ಕಾ" ಎನ್ನುತ್ತಾಳೆ, ಸೆರಗು ಮುಚ್ಚಿಕೊಂಡು ನಗುತ್ತಾಳೆ ಕೂಡ. ಇವರ ಕಣ್ಣು ತುಂಬುತ್ತದೆ. ನನಗೆ ಹೊಟ್ಟೆ ತಣ್ಣಗಾಗುತ್ತದೆ. ಹೆತ್ತ ಮಗಳ ಹತ್ತಿರ ಸುಳ್ಳೇಕೆ ಹೇಳಲಿ?

ಅಳಿಯಂದಿರಿಗೆ ಶರಣು, ಮಕ್ಕಳಿಗೆ ನನ್ನ ಮುತ್ತು. ಶಿವ ನಿಮ್ಮನ್ನೆಲ್ಲ ತಣ್ಣಗಿಟ್ಟಿರಲಿ.

ನಿನ್ನ ಅವ್ವ,
ಶೇಖರಮ್ಮ

ಇದೊಂದು ಬರೆಯುವುದು ಉಳಿದುಬಿಟ್ಟಿತ್ತು. ಕೆಲವು ದಿನಗಳಿಂದ ನಿಮ್ಮಪ್ಪ ಬಚ್ಚಲಿನ ಬಾಗಿಲು ಹಾಕಿಕೊಂಡು, ತಪ್ಪಿದರೂ ಬಿಡದೆ, ಕೂಸಿನ ಹಾಗೆ ಒಬ್ಬರೇ ಮಾತು ರೂಢಿ ಮಾಡುತ್ತಿದ್ದರು. ನಿನ್ನೆ ಬಂದು ನನ್ನೆದುರು ನಿಂತು ಹೇಳಿದರು: "ಶಿವಕುಮಾರಿಗೆ ಫೋನ್ ಹಚ್ಚು. ನನ್ನ ಕರಕೊಂಡು ಹೋಗಂತ ಹೇಳು." ಎಲ್ಲಿಯೂ ತೊದಲಲಿಲ್ಲ. "ತಿಳೀಲಿಲ್ಲರೀ, ಇನ್ನೊಮ್ಮೆ ಹೇಳ್ರಿ" ಎಂದೆ. ಪಾಪ, ಮೊದಲಿನಿಂದ ಶುರು ಮಾಡಿದರು. ಅಂತೂ ಮಾತು ಬಂತಲ್ಲ, ಇನ್ನು ನೀನು ಕಾರು ತರುವ ಕಾರಣವಿಲ್ಲ.