ಬ್ರೇಕ್ ಮೇಷ್ಟ್ರಿಗೊಂದು ಹಿಡಿ

ಫೆಬ್ರವರಿ 3, ಮಂಗಳವಾರ

ಎರಡು ಸ್ಕೂಟರ್ ಸೀಟು ಹೊಲಿದು ಮುಗಿಸಿದೆ. ವ್ಯಾನಿನ ಹಿಂದಿನ ಸೀಟು ಅರ್ಧಕ್ಕೆ ನಿಂತಿದೆ. ದಪ್ಪ ರೆಕ್ಸಿನ್, ಸೂಜಿ ಮುರಿಯಿತು. ಹೊಸ ಸೂಜಿ ಹುಡುಕುತ್ತಿದ್ದಾಗ ಹೊರಗೆ ಮಾತು ಕೇಳಿಸಿತು. ಗುಜರಿಯವನು. ಮಾವನೇ ಫೋನ್ ಮಾಡಿ ಕರೆಸಿದ್ದಾರೆ!

"ಯಾಕ್ ಮೇಷ್ಟ್ರೇ, ಜೀಪು ಇನ್ನೂ ಗಟ್ಟಿಮುಟ್ಟಾಗಿದೆಯಲ್ಲ?"

"ಅದು ಗಟ್ಟಿಯಾಗೇ ಇದೆ. ನಾನೇ ಇಲ್ಲ. ಹತ್ತೋಕಾಗದ ಗಾಡೀನ ಮುಖ ನೋಡ್ತಾ ಕೂರ್ಲಾ? ಹದಿನೈದನೇ ತಾರೀಖು ಭಾನುವಾರ ಬಾ, ಎಳ್ಕೊಂಡ್ ಹೋಗು."

ಸೂಜಿ ಹುಡುಕುವುದನ್ನು ಬಿಟ್ಟೆ.

ಈ ಊರಿನ ಅರ್ಧ ಜನಕ್ಕೆ ಡ್ರೈವಿಂಗ್ ಕಲಿಸಿದ ಜೀಪು ಅದು. ಕಲಿಯುವವರು ಬಲಕ್ಕೆ, ಮಾವ ಎಡಕ್ಕೆ. ಅವರ ಕಾಲ ಕೆಳಗೆ ಇನ್ನೊಂದು ಬ್ರೇಕು. ಅದಕ್ಕೇ ಎಲ್ಲರ ಬಾಯಲ್ಲೂ 'ಬ್ರೇಕ್ ಮೇಷ್ಟ್ರು'. ಎಂಥ ಪೆದ್ದ ಕೂತರೂ ದನಿ ಏರಿಸಿದವರಲ್ಲ. ಗೋಡೆಗೆ ಇನ್ನೇನು ಗುದ್ದಬೇಕು, ಆಗ ಮೆಲ್ಲಗೆ ಕಾಲು ಒತ್ತಿ "ಪರವಾಗಿಲ್ಲ, ಮತ್ತೆ ಶುರು ಮಾಡು" ಅನ್ನುವವರು. ಅಕ್ಟೋಬರಿನಲ್ಲಿ ಬಲ ಮಂಡಿಯ ಆಪರೇಷನ್ ಆಯಿತು. ನಡೆಯುತ್ತಾರೆ, ಮಂಡಿ ಮಡಚುತ್ತಾರೆ. ಎತ್ತರಕ್ಕೆ ಹತ್ತುವುದು ಮಾತ್ರ ಆಗುತ್ತಿಲ್ಲ. ಇವರು ಒಮ್ಮೆ ಅಪ್ಪನನ್ನು ಹಿಂದಿನಿಂದ ಎತ್ತಿ ಕೂರಿಸಲು ಹೋಗಿ ಬೈಸಿಕೊಂಡರು. "ನಾನೇನು ಮೂಟೆನಾ?"

ಜೀಪು ಹೋದರೆ ಮಾವ ಆ ಕುರ್ಚಿ ಬಿಟ್ಟು ಏಳುವುದಿಲ್ಲ. ನನಗೆ ಗೊತ್ತು. ಹೆದರಿಕೆಯಾಗುತ್ತಿದೆ.

ಫೆಬ್ರವರಿ 4

ಗುಜರಿ ಅಂಗಡಿಗೆ ನಾನೇ ಹೋದೆ. ಒಂದು ಹಿಡಿ ಬೇಕು, ಜೀಪಿನ ಒಳಗೆ ಹಾಕಲು, ಹಿಡಿದು ಹತ್ತುವಂಥದ್ದು ಅಂದೆ. ಗುಜರಿಯವನು ನಕ್ಕ.

"ಅಲ್ಲಕ್ಕಾ, ನನಗೆ ಬರೋ ಗಾಡೀನ ತಪ್ಪಿಸೋಕೆ ನನ್ ಅಂಗಡಿಗೇ ಬಂದಿದೀರಾ?"

"ಹೂಂ. ಕೊಡ್ತೀಯೋ ಇಲ್ವೋ?"

ಕೊಟ್ಟ. ಅವನಿಗೂ ಡ್ರೈವಿಂಗ್ ಕಲಿಸಿದ್ದು ಮಾವನೇ ಅಲ್ಲವೇ. ಹಳೇ ಬಸ್ಸಿನ ಬಾಗಿಲಿನದು. ಮೊಳದುದ್ದದ ಕಬ್ಬಿಣದ ಹಿಡಿ, ಎರಡು ತುದಿಗೂ ಅಗಲ ಪಟ್ಟಿ, ಬೋಲ್ಟಿಗೆ ತೂತು. ಎಷ್ಟು ಜನ ಹಿಡಿದಿದ್ದರೋ, ಮಧ್ಯದಲ್ಲಿ ಸವೆದು ನುಣ್ಣಗಾಗಿದೆ. ಸುಮ್ಮನೆ ಕೈಯಲ್ಲಿ ಹಿಡಿದುಕೊಂಡೇ ಮನೆತನಕ ನಡೆದೆ. ಚೆಂದದ ವಸ್ತು. ಇದನ್ನು ಮಾಡಿದವನು ಕೈ ಅಂದರೇನು ಅಂತ ಬಲ್ಲವನು.

ಫೆಬ್ರವರಿ 7

ಹಿಡಿಗೆ ಕಪ್ಪು ರೆಕ್ಸಿನ್ ಸುತ್ತಿ ಹೊಲಿದೆ. ಒಳಗೆ ತೆಳು ಸ್ಪಂಜು. ಹೊಲಿಗೆ ಅಂಗೈಗೆ ಒತ್ತಬಾರದೆಂದು ಹಿಂಬದಿಗೆ ತಂದೆ. ಮಾವನ ಸೀಟಿನಲ್ಲಿ ನಾನೇ ಕೂತು, ಕೈ ಚಾಚಿ, ಸರಿಯಾಗಿ ಎದುರಿಗೆ ಡ್ಯಾಶ್‌ಬೋರ್ಡಿನಲ್ಲಿ ಗುರುತು ಹಾಕಿದೆ. ಡ್ರಿಲ್ ಹಿಡಿದದ್ದು ಇವರು, ಹೇಳಿಕೊಟ್ಟದ್ದು ನಾನು. ಔಷಧಿ ಅಂಗಡಿಯವರ ಕೈಗೆ ಡ್ರಿಲ್ ಕೊಟ್ಟರೆ ಮಾತ್ರೆ ಎಣಿಸಿದ ಹಾಗೆ ಮಾಡುತ್ತಾರೆ... ಅಂತೂ ಆಯಿತು. ಎಷ್ಟು ಚೆನ್ನಾಗಿ ಕೂತಿದೆ!

ಫೆಬ್ರವರಿ 8, ಭಾನುವಾರ

ಬರೆಯಲು ಮನಸ್ಸಿಲ್ಲ.

ಮಾವ ಬಂದರು. ಒಳ್ಳೇ ಅಂಗಿ ಹಾಕಿಕೊಂಡು ಬಂದರು. ಎಡಗಾಲನ್ನು ಫುಟ್‌ಬೋರ್ಡಿನ ಮೇಲಿಟ್ಟರು. ಕೈ ಚಾಚಿದರು. ಹಿಡಿ ಸಿಗಲಿಲ್ಲ. ಇನ್ನಷ್ಟು ಬಾಗಿದರು. ಕಾಲು ಜಾರಿತು. ಇವರು ಹಿಂದಿನಿಂದ ಹಿಡಿದುಕೊಂಡರು, ಇಲ್ಲದಿದ್ದರೆ—

ಬೈದಿದ್ದರೆ ವಾಸಿಯಾಗಿತ್ತು. ಅಂಗಿ ಸರಿಮಾಡಿಕೊಂಡು "ಹೊಲಿಗೆ ಚೆನ್ನಾಗಿದೆಯಮ್ಮ" ಅಂದರು. ಕುರ್ಚಿಗೆ ವಾಪಸ್ಸು ಹೋದರು.

ಫೆಬ್ರವರಿ 11

ಮೂರು ದಿನ ಜೀಪಿನ ಕಡೆ ತಲೆ ಹಾಕಲಿಲ್ಲ.

ಈಗ ಹೊಳೆಯಿತು. ಜನ್ಮವೆಲ್ಲಾ ಸೀಟು ಹೊಲಿದವಳು ನಾನು. ಕೂತವರ ಅಳತೆ ಮಾತ್ರ ಗೊತ್ತು. ಬೆನ್ನು ಎಲ್ಲಿ, ತೊಡೆ ಎಲ್ಲಿ, ಮೊಳಕೈ ಎಲ್ಲಿ. ಹಿಡಿಯನ್ನೂ ಕೂತವರ ಅಳತೆಗೇ ಹಾಕಿದೆ! ಸೀಟಿನಲ್ಲಿ ಕೂತಾದ ಮೇಲೆ ಮಾವನಿಗೆ ಹಿಡಿ ಯಾಕೆ? ನೆಲದ ಮೇಲೆ ನಿಂತವರಿಗೆ ಅದು ಬೇಕಾದ್ದು. ತಲೆ ಚಚ್ಚಿಕೊಂಡೆ.

ಆಮೇಲೆ ಮಿಷನ್ ಬಿಟ್ಟು, ಮಾವ ಕುರ್ಚಿಯಿಂದ ಏಳುವುದನ್ನು ನೋಡುತ್ತಾ ಕೂತೆ. ಎಂಥ ಅಚ್ಚುಕಟ್ಟು! ಅವಸರವಿಲ್ಲ. ಎಡಗೈ ಕಿಟಕಿಯ ಸರಳಿಗೆ ಹೋಗುತ್ತದೆ. ಪ್ರತಿ ಸಲವೂ ಅದೇ ಸರಳು, ಅದೇ ಜಾಗ. ಅಲ್ಲಿ ಬಣ್ಣವೇ ಹೋಗಿದೆ. ಎದೆಮಟ್ಟಕ್ಕಿಂತ ಕೆಳಗೆ. ಎಡಗಾಲಿಗೆ ಭಾರ ಕೊಟ್ಟು, ಒಂದು ಉಸಿರು ತೆಗೆದುಕೊಂಡು ಏಳುತ್ತಾರೆ. ಯಾರೂ ಹೇಳಿಕೊಡದೆ ತಾವೇ ತಮಗೆ ಕಲಿಸಿಕೊಂಡ ಪಾಠ. ಇಷ್ಟು ದಿನ ಇದೇ ಮನೆಯಲ್ಲಿದ್ದೂ ನಾನು ನೋಡಿರಲಿಲ್ಲ.

ಫೆಬ್ರವರಿ 12

ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣವನ್ನು ಪುಡಿ ಮಾಡಿ ತಟ್ಟೆಯಲ್ಲಿ ತೆಗೆದುಕೊಂಡು ಹೋದೆ.

"ಮಾವ, ಎಡಗೈ ಕೊಡಿ."

"ಏನಮ್ಮ ಇದು?"

"ನಿಮ್ಮ ಅಳತೆ. ಹೋದ ಸಲ ನನ್ನ ಅಳತೆ ತಗೊಂಡಿದ್ದೆ."

ಮುಖ ನೋಡಿದರು. ಬರುವುದಿಲ್ಲ ಅಂದುಕೊಂಡೆ. ಬಂದರು. ಅಂಗೈ ತುಂಬಾ ಬಿಳಿ ಪುಡಿ. ಜೀಪಿನ ಪಕ್ಕ ನಿಲ್ಲಿಸಿ, ಹತ್ತಬೇಡಿ, ಕಣ್ಣು ಮುಚ್ಚಿಕೊಂಡು ಹತ್ತುವವರ ಹಾಗೆ ಕೈ ಎತ್ತಿ ಸಾಕು ಅಂದೆ. ಎತ್ತಿದರು. ಕೈ ನೇರವಾಗಿ ಮುಂದಿನ ಗಾಜಿನ ಪಕ್ಕದ ಕಂಬಕ್ಕೆ ಹೋಯಿತು. ಇನ್ನೊಮ್ಮೆ ಅಂದೆ. ಅಲ್ಲಿಗೇ. ಮತ್ತೊಮ್ಮೆ. ಅಲ್ಲಿಗೇ! ಕಂಬದ ಮೇಲೆ ಒಂದೇ ಒಂದು ಬಿಳಿ ಅಂಗೈ ಗುರುತು ಮೂಡಿತ್ತು. ನಾನಾಗಿದ್ದರೆ ಹಾಕುತ್ತಿದ್ದುದಕ್ಕಿಂತ ಎಷ್ಟೋ ಕೆಳಗೆ. ಹಿಡಿ ಅಡ್ಡಕ್ಕಲ್ಲ, ಉದ್ದಕ್ಕೆ ನಿಲ್ಲಬೇಕು.

ಮಾವ ಕಣ್ಣು ಬಿಟ್ಟು ಗುರುತು ನೋಡಿದರು.

"ಚೆನ್ನಾಗಿ ಕಲಿಸ್ತೀಯಮ್ಮ. ಒಂದ್ ಸಲಾನೂ ಗದರಲಿಲ್ಲ."

ಬ್ರೇಕ್ ಮೇಷ್ಟ್ರ ಬಾಯಿಂದ ಈ ಮಾತು! ಇಡೀ ಮಧ್ಯಾಹ್ನ ಹೊಲಿಗೆ ಸೊಟ್ಟ ಹೋಯಿತು.

ಫೆಬ್ರವರಿ 14

ಕಂಬ ಒಳಗೆ ಟೊಳ್ಳು. ಬರೀ ತಗಡಿಗೆ ಬೋಲ್ಟ್ ಹಾಕಿದರೆ ಕಿತ್ತುಕೊಂಡು ಬರುತ್ತದೆಂದು ಗುಜರಿಯವನು ದಪ್ಪ ಕಬ್ಬಿಣದ ಪಟ್ಟಿ ತಂದು ತಗಡಿನ ಹಿಂದೆ ಆನಿಸಿದ. ಎರಡೂ ಬೋಲ್ಟು ಬಿಗಿಯಾಗಿ ಕೂತವು. ಮೊದಲು ನಾನು ಜೋತುಬಿದ್ದೆ. ಅಲ್ಲಾಡಲಿಲ್ಲ. ಆಮೇಲೆ ಇವರನ್ನು ಜೋತುಬೀಳಿಸಿದೆ.

"ಸಾಕಾ?" ಅಂದರು ಕಾಲು ಮಡಚಿಕೊಂಡು.

"ಇನ್ನೂ ಸ್ವಲ್ಪ ಹೊತ್ತು."

"ಮದುವೆಯಾದಾಗಿಂದ ಇದನ್ನೇ ಮಾಡಿಸ್ತಿದೀಯ."

ಡ್ಯಾಶ್‌ಬೋರ್ಡಿನಲ್ಲಿ ಎರಡು ತೂತು ಹಾಗೇ ಉಳಿದಿವೆ. ಮುಚ್ಚಬೇಕು. ನಾಳೆ ಭಾನುವಾರ. ಗುಜರಿಯವನು ಬರುವ ದಿನವೂ ನಾಳೆಯೇ. ಮಾವ ಇನ್ನೂ ಬೇಡ ಅಂದಿಲ್ಲ ಅವನಿಗೆ.

ಫೆಬ್ರವರಿ 15, ಭಾನುವಾರ, ಬೆಳಿಗ್ಗೆ

ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟ.

ಗುಜರಿಯವನು ಹಗ್ಗ ತಂದಿದ್ದ. ಬೇಕೆಂದೇ ಹಿಂದೆ ಮುಚ್ಚಿಟ್ಟುಕೊಂಡು ನಿಂತಿದ್ದ, ಪಾಪ. ಮಾವ ಬಂದರು. ಯಾರ ಕಡೆಯೂ ನೋಡಲಿಲ್ಲ. ಎಡಗೈ ಹಿಡಿಯ ಮೇಲೆ. ಬಲಗೈ ಸೀಟಿನ ಬೆನ್ನಿಗೆ. ಎಡಗಾಲು ಫುಟ್‌ಬೋರ್ಡಿಗೆ. ಒಂದು ಉಸಿರು. ಇವರು ಮುಂದೆ ಹೋಗಲು ನೋಡಿದರು, ನಾನು ಅಂಗಿ ಹಿಡಿದೆಳೆದೆ. ಮಾವ ಎದ್ದರು. ತಿರುಗಿದರು. ಕೂತರು! ಎಷ್ಟು ಸಲೀಸಾಗಿ, ನಿನ್ನೆಯಷ್ಟೇ ಇಳಿದುಹೋದವರ ಹಾಗೆ. ನನಗೆ ಅಳು ಬಂತು. ಬಾಗಿಲಲ್ಲಿ ನಿಂತಿದ್ದ ಅತ್ತೆಗೂ.

ಮಾವ ಮೆಲ್ಲಗೆ ಬಲಗಾಲು ಒತ್ತಿ ನೋಡಿದರು. ಬ್ರೇಕು ಕುಂಯ್ ಅಂದಿತು.

"ಇದಿನ್ನೂ ನನ್ ಮಾತು ಕೇಳುತ್ತೆ" ಅಂದರು. ಆಮೇಲೆ ಗುಜರಿಯವನಿಗೆ, "ಹಗ್ಗ ಮನೇಲಿಟ್ಟು ಬಾರಯ್ಯ."

ಇವರು ಕೀ ಹಿಡಿದು ಬಲಗಡೆಗೆ ಓಡಿ ಕೂತರು. ಮಾವ ಅವರತ್ತ ನೋಡಿದರು.

"ನೀನಿಳಿ. ಅವಳನ್ನ ಕರಿ."

ಯಾರಿಗೂ ಅರ್ಥವಾಗಲಿಲ್ಲ. ಮನೆಯವರಿಗೆ ಕಲಿಸಿದರೆ ಜಗಳ ಗ್ಯಾರಂಟಿ, ಅದಕ್ಕೇ ಕಲಿಸುವುದಿಲ್ಲ ಅಂತ ಪಟ್ಟು ಹಿಡಿದ ಮನುಷ್ಯ ಮಾವ. ಸ್ವಂತ ಮಗನನ್ನೇ ಬೇರೆ ಸ್ಕೂಲಿಗೆ ಕಳಿಸಿದವರು. ನಾನು ಆ ಬಲಗಡೆ ಸೀಟಿನಲ್ಲಿ ಕೂತದ್ದೆಲ್ಲ ಹೊಲಿಗೆ ಹಾಕಲಿಕ್ಕೆ.

"ನನಗೆ ಬರಲ್ಲ ಮಾವ."

"ಬರೋರಿಗೆ ಕಲಿಸ್ತಾರೇನಮ್ಮ?"

"ಎಲ್ಲಾದ್ರೂ ಗುದ್ದಿಬಿಟ್ರೆ?"

ಹಿಡಿಯನ್ನು ಒಮ್ಮೆ ತಟ್ಟಿದರು.

"ನಾನ್ ಬೀಳ್ದಿರೋ ಹಾಗೆ ನೀನು ನೋಡ್ಕೊಂಡೆ. ನೀನ್ ಗುದ್ದದ ಹಾಗೆ ನೋಡ್ಕೊಳೋಕೆ ನನ್ ಕಾಲಿದೆ."

ಒಲೆ ಮೇಲೆ ಹಾಲಿದೆ ಅಂತ ಸುಳ್ಳು ಹೇಳಿ ಒಳಗೆ ಓಡಿಬಂದು ಇದನ್ನು ಬರೆಯುತ್ತಿದ್ದೇನೆ. ಅತ್ತೆ ಬಾಗಿಲಲ್ಲಿ ನಗುತ್ತಾ ನಿಂತಿದ್ದಾರೆ, ಹಾಲೇ ಇಲ್ಲವೆಂದು ಅವರಿಗೆ ಗೊತ್ತು. ಹಾರ್ನ್. ಒಂದು ಸಲ, ಮೆಲ್ಲಗೆ. ಇನ್ನೊಂದು ಸಲ.

ಬಂದೆ ಮಾವ, ಚಪ್ಪಲಿ ಹಾಕ್ಕೊಂಡು—