ಮೇಷ್ಟ್ರು ಬರುವ ದಿನ ಶಾಲೆಗೆ ಬೀಗ

ಜಿಲ್ಲಾ ಶಿಕ್ಷಣ ಕಚೇರಿಯ ನಿರ್ದೇಶಕರಿಗೆ,

ಮಾನ್ಯರೇ, ನವೆಂಬರ್ ಒಂದರ ಮಧ್ಯಾಹ್ನ ನಮ್ಮ ಮೇಷ್ಟ್ರು ಡೊನಾಟೊ ಕಾಲಿಸಾಯ ತಮ್ಮ ಮನೆಗೆ ಬರುತ್ತಾರೆ. ಆ ಮನೆಗೆ ನೀವು ಬೀಗ ಹಾಕಿಸಿದ್ದೀರಿ. ನನ್ನ ದೂರು ಇಷ್ಟೇ.

ಅವರು ತೀರಿಕೊಂಡು ಇದು ಮೂರನೆಯ ವರ್ಷ. ಸತ್ತವರು ಮೂರು ವರ್ಷ ಉಣ್ಣಲು ಬರುತ್ತಾರೆ, ಮೂರನೆಯದು ಕಡೆಯ ಬೀಳ್ಕೊಡುಗೆ ಎಂಬುದನ್ನು ನಿಮಗೆ ನಾನು ಹೇಳಿಕೊಡಬೇಕೆ? ನೀವೂ ಈ ಎತ್ತರದ ಬಯಲಿನಲ್ಲೇ ಹುಟ್ಟಿದವರು. ನಿಮ್ಮ ಹಿರಿಯರಿಗೆ ನೀವೂ ಇಳಿದು ಬರಲೆಂದು ರೊಟ್ಟಿಯ ಏಣಿ ಬೇಯಿಸಿ, ದಾರಿಯ ನೀರಿಗೆಂದು ಹೂಬಿಟ್ಟ ಈರುಳ್ಳಿ ಇಟ್ಟು, ಮೇಜು ಸಿಂಗರಿಸಿದವರೇ. ಎಲ್ಲಿ ಸಿಂಗರಿಸಿದಿರಿ? ಅವರು ಬಾಳಿದ ಮನೆಯಲ್ಲೋ, ಕಚೇರಿಯ ಜಗಲಿಯಲ್ಲೋ?

ಮೇಷ್ಟ್ರಿಗೆ ಬೇರೆ ಮನೆ ಇರಲಿಲ್ಲ. ಒಂದು ಹಾಸಿಗೆ ಸುರುಳಿ ಹೊತ್ತು ನಮ್ಮೂರು ಕಲಾಹವೀರಕ್ಕೆ ಬಂದವರು ಶಾಲೆಯ ಹಿಂದಿನ ಕೋಣೆಯಲ್ಲಿ ಉಳಿದರು, ಅಲ್ಲೇ ಮುದುಕರಾದರು, ಅಲ್ಲೇ ಕಣ್ಣು ಮುಚ್ಚಿದರು. ನಾನಾಗ ಕುರಿ ಕಾಯುವ ಹುಡುಗಿ. ನನ್ನನ್ನು ಶಾಲೆಗೆ ಕಳಿಸಿ ಎಂದು ಅವರು ಅಂಗಳಕ್ಕೆ ಬಂದು ನಿಂತಾಗ ಅವ್ವ ನಕ್ಕಳು. "ಹೆಣ್ಣು ಓದಿ ಏನ್ ಮಾಡ್ತದೆ ಮೇಷ್ಟ್ರೇ? ಕುರಿಗೆ ಪತ್ರ ಬರೀತದಾ?"

"ಕುರಿಗಲ್ಲ ತಾಯಿ, ಕುರಿ ಕದಿಯೋರಿಗೆ ಬರೀತಾಳೆ."

ಅವ್ವನಿಗೆ ಆ ಮಾತು ಹಿಡಿಸಿತು. ಮರುದಿನ ನಾನು ಬೆಂಚಿನ ಮೇಲಿದ್ದೆ.

ಅವರನ್ನು ಸಂತರೆಂದು ನಾನು ಹೇಳುತ್ತಿಲ್ಲ. ಮುಂಗೋಪಿ. ಹಾಡು ಬಾರದು, ಆದರೂ ಚರ್ಚಿನಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ ಹಾಡಿ ಪಾದ್ರಿಯನ್ನೇ ದಾರಿ ತಪ್ಪಿಸುತ್ತಿದ್ದರು. ಆದರೆ ಊರಿನ ಮುಖಂಡತನದ ಸರದಿಯನ್ನು ಅವರು ಹೊತ್ತ ರೀತಿ ಕೇಳಿ. ಆ ಸರದಿ ಜಮೀನಿದ್ದ ಮನೆಗಳಿಗೆ ಮಾತ್ರ ಬರುವುದು. ಅವರಿಗೆ ಅಂಗೈಯಗಲ ನೆಲವಿರಲಿಲ್ಲ. ಬುಗ್ಗೆಯ ನೀರಿಗಾಗಿ ನಾವೂ ಮೇಲೂರಿನವರೂ ಕವಣೆ ಹಿಡಿದು ನಿಂತ ವರ್ಷ, ಯಾರೂ ಮುಖಂಡರಾಗಲು ಒಪ್ಪದಿದ್ದಾಗ, ಮೇಷ್ಟ್ರು ಎದ್ದರು. ಒಬ್ಬರೇ ಮೇಲೂರಿಗೆ ಹತ್ತಿದರು.

"ಕೆಳಗಿನೋರ ಕಡೆ ಬಂದಿದ್ದೀಯಾ ನೀನು?" ಎಂದು ಅಲ್ಲಿಯವರು ದಾರಿ ಕಟ್ಟಿದರಂತೆ.

"ಯಾವ ಕಡೆ ಅಂತ ನಿಲ್ಲಲಪ್ಪ? ನಿಮ್ ಮಕ್ಕಳ ಮೂಗೂ ನಾನೇ ಒರೆಸಿದ್ದು, ಅವರ ಮಕ್ಕಳ ಮೂಗೂ ನಾನೇ ಒರೆಸಿದ್ದು. ಮೊದಲು ಕೂತ್ಕೊಳ್ಳಿ, ಅಗಿಯೋಕೆ ಕೋಕಾ ಎಲೆ ತಂದಿದೀನಿ."

ಅಗಿಯುತ್ತಾ ಸಂಜೆಯಾಯಿತು. ಈಗ ಎರಡೂ ಊರಿಗೆ ಒಂದೇ ಕೊಳವೆಯ ನೀರು. ನಿಮ್ಮ ಅಧಿಕಾರಿಗಳು ನಮ್ಮೂರಿಗೆ ಬಂದಾಗ ಕೈ ತೊಳೆದುಕೊಳ್ಳುವುದೂ ಅದರಲ್ಲೇ.

ಮೊದಲೆರಡು ವರ್ಷ ಮೇಜನ್ನು ಅವರ ಕೋಣೆಯಲ್ಲೇ ಹಾಕಿದೆವು. ಈ ವರ್ಷ, ಮಕ್ಕಳು ಸಾಲದೆಂದು ನೀವು ಶಾಲೆ ಮುಚ್ಚಿದಿರಿ. ಅದಕ್ಕೂ ತಲೆಬಾಗಿದೆವು. ಒಂದು ದಿನದ ಮಟ್ಟಿಗೆ ಬೀಗದ ಕೈ ಕೊಡಿ ಎಂದು ಕೇಳಲು ನಾನೂ ನೆರೆಮನೆಯ ಮುದುಕಿ ಮೆಲ್ಚೋರಳೂ ಲಾರಿಯ ಹಿಂಬದಿಯಲ್ಲಿ ಕುಳಿತು ನಿಮ್ಮಲ್ಲಿಗೆ ಬಂದೆವು. ನೀವು ಸಭೆಯಲ್ಲಿದ್ದಿರಿ. ನೀವು ಯಾವಾಗಲೂ ಸಭೆಯಲ್ಲಿರುತ್ತೀರಿ. ದೇವರು ನಿಮ್ಮ ಬೆನ್ನು ಕಾಯಲಿ. ನಿಮ್ಮ ಗುಮಾಸ್ತ, ಸರ್ಕಾರಿ ಕಟ್ಟಡದಲ್ಲಿ ಪೂಜೆ ಪುನಸ್ಕಾರ ನಿಷಿದ್ಧವೆಂದ. ಆಮೇಲೆ ನಕ್ಕ.

"ಸತ್ತೋರಿಗೆ ಬೀಗ ಯಾವ ಲೆಕ್ಕ ಅಜ್ಜಿ? ಗೋಡೆ ದಾಟ್ಕೊಂಡು ಬರಲ್ವಾ?"

"ದಾಟ್ಕೊಂಡು ಬರೋಕೆ ಅವರೇನು ಕಳ್ಳರೇನೋ? ಮೇಷ್ಟ್ರು ಕಣೋ!" ಎಂದಳು ಮೆಲ್ಚೋರ. "ಬಂದು ಏನ್ ನೋಡ್ಬೇಕು ಒಳಗೆ? ಕತ್ತಲೇನಾ?"

ಅವನು ಮತ್ತೆ ನಗಲಿಲ್ಲ. ಬೀಗದ ಕೈಯನ್ನೂ ಕೊಡಲಿಲ್ಲ. ಬದಲಿಗೆ, ನಿಮ್ಮ ಕಚೇರಿಯ ಮುಂದೆ ಮೇಷ್ಟ್ರ ಪ್ರತಿಮೆ ನಿಲ್ಲಿಸುವ ಯೋಜನೆಯಿದೆ, ಮೇಜನ್ನು ಅಲ್ಲೇ ಹಾಕಿಕೊಳ್ಳಿ ಎಂದ. ಸಂತೋಷ, ಮಾನ್ಯರೇ. ಕಚೇರಿಯ ಮುಂದೆ ನಿಂತು ಅವರಿಗೆ ಅಭ್ಯಾಸವಿದೆ. ಶಾಲೆಯ ಸೂರಿಗೆ ತಗಡು ಕೇಳಲು ಬಂದು ಅಲ್ಲೇ ಎಷ್ಟೋ ಬಿಸಿಲು ಕಂಡರು. ಕಂಚಿನವರಾದ ಮೇಲಾದರೂ ಕಾಲು ನೋಯಲಿಕ್ಕಿಲ್ಲ. ಆದರೆ ಹಸಿದು ಬಂದ ಜೀವ ತನ್ನ ಪ್ರತಿಮೆಯನ್ನು ಹುಡುಕುತ್ತದೆಯೋ, ತನ್ನ ಒಲೆಯನ್ನೋ? ಕಡೆಯ ಸಲ ಬಂದವರನ್ನು ಹೊಸ್ತಿಲಲ್ಲಿ ಉಪವಾಸ ನಿಲ್ಲಿಸಿ, ಮುಂದೆ ನಾವು ಯಾವ ಬಾಯಲ್ಲಿ ಜಪಮಾಲೆ ಹೇಳುವುದು?

ನಮಗೆ ಜಗಳ ಬೇಡ. ಜಗಳವಾಡುವಷ್ಟು ಉಸಿರೂ ಇಲ್ಲ. ಒಂದನೇ ತಾರೀಖಿನ ಮಧ್ಯಾಹ್ನದಿಂದ ಎರಡನೇ ತಾರೀಖಿನ ಮಧ್ಯಾಹ್ನದವರೆಗೆ ಬೀಗ ತೆಗೆಸಿ. ತೆಗೆಸದಿದ್ದರೆ ನಾವು ಮಾಡುವುದನ್ನು ಈಗಲೇ ತಿಳಿಸುತ್ತೇನೆ. ಆಮೇಲೆ ನೀವು ಕಳ್ಳತನವೆನ್ನಬಾರದು. ಬೀಗ ಸರ್ಕಾರದ್ದು, ಅದನ್ನು ಮುಟ್ಟುವುದಿಲ್ಲ. ಬಾಗಿಲು ನಮ್ಮ ಗಂಡಸರು ಕಣಿವೆಯಿಂದ ಮರ ಹೊತ್ತು ತಂದು ಮಾಡಿದ್ದು, ಗೋಡೆ ನಮ್ಮ ಹೆಂಗಸರು ತುಳಿದ ಮಣ್ಣು. ಬಾಗಿಲನ್ನು ಚೌಕಟ್ಟು ಸಮೇತ, ನಿಮ್ಮ ಬೀಗ ನೇತಾಡುತ್ತಿರುವಂತೆಯೇ ಎತ್ತಿ, ಪಕ್ಕಕ್ಕೆ ಒರಗಿಸಿಡುತ್ತೇವೆ. ಮೇಷ್ಟ್ರು ಉಂಡು ಹೊರಟ ಮೇಲೆ ಮಣ್ಣು ಕಲಸಿ ಇದ್ದಲ್ಲೇ ಕೂರಿಸುತ್ತೇವೆ.

ಬೀಗ ಭದ್ರವಾಗಿದೆಯೇ ಎಂದು ನೋಡಲು ನೀವೂ ಬನ್ನಿ. ಒಂದು ಪ್ರಾರ್ಥನೆ ಹೇಳಿದರೆ ಯಾರಿಗೇ ಆಗಲಿ ರೊಟ್ಟಿ ಕೊಡುವುದು ನಮ್ಮ ಕ್ರಮ.

ಇಂತಿ,
ಹಿಟ್ಟು ನಾದಿ ಕೈಸೋತ, ಆದರೂ ಏಣಿ ಬೇಯಿಸದೆ ಬಿಡದ
ಬಸೀಲಿಯಾ ಯುಹ್ರ
ಕಲಾಹವೀರ