ಅಪ್ಪನನ್ನು ಒಳಗೆ ತರಲು ದಾರಿ

ತಮ್ಮಾ ತೆಪ್ಪೇ,

ಎಷ್ಟು ಸಲ ಫೋನ್ ಮಾಡಿದರೂ ನೀನು ಎತ್ತಲಿಲ್ಲ. ಅಪ್ಪ ಹೋಗಿಬಿಟ್ಟರು. ನಾನು ಅಸಾಹಿಕಾವಾ ಆಸ್ಪತ್ರೆಗೆ ಹೊರಟೆ, ಮಧ್ಯಾಹ್ನ ಅವರನ್ನು ಮನೆಗೆ ತರುತ್ತೇನೆ. ಅಂಗಳದಲ್ಲಿ ಸೊಂಟದವರೆಗೆ ಹಿಮ ಬಿದ್ದಿದೆ.

ಅಪ್ಪ ಜೋಡಿಸುತ್ತಿರುವಾಗಲೇ ಕುಸಿದುಬಿದ್ದರಲ್ಲ, ಆ ಹಿಮ ಎಸೆಯುವ ಯಂತ್ರವನ್ನು ನೀನೇ ಪೂರ್ತಿ ಮಾಡಬೇಕು. ಹಿಮ ಹೊರಗೆ ಚಿಮ್ಮುವ ಕೊಳವೆಯ ಬೋಲ್ಟ್ ಬಿಗಿ ಮಾಡು. ಎಂಜಿನ್‌ಗೆ ಇನ್ನೂ ಆಯಿಲ್ ಹಾಕಿಲ್ಲ. ಶೆಡ್ಡಿನೊಳಗೆ ಚಾಲೂ ಮಾಡಬೇಡ, ಹೊಗೆ ತುಂಬುತ್ತದೆ. ನಿನ್ನೆ ಅಪ್ಪ, "ಆ ಪೆದ್ದ, ಯಂತ್ರದ ಪುಸ್ತಕ ಓದದೇನೇ ಶುರು ಮಾಡ್ತಾನೆ ಕಣೇ, ಹೇಳು ಅವನಿಗೆ" ಅಂದರು. ಆಮೇಲೆ ಮಾತಾಡಲಿಲ್ಲ.

ಕೊಳವೆಯಲ್ಲಿ ಹಿಮ ಕಟ್ಟಿಕೊಂಡರೆ ಎಂಜಿನ್ ಆರಿಸಿ, ಬ್ಲೇಡು ಪೂರ್ತಿ ನಿಂತಮೇಲೆ ಕೋಲಿನಿಂದ ತೆಗೆ. ಕೈ ಮಾತ್ರ ಹಾಕಬೇಡ. ಇನ್ನೊಂದು ಅನಾಹುತ ತಡೆದುಕೊಳ್ಳಲು ನನ್ನಲ್ಲಿ ಶಕ್ತಿಯಿಲ್ಲ.

ದಾರಿ ಅಗಲವಾಗಿರಲಿ, ಹೊತ್ತು ತರುವವರು ಜಾರಬಾರದು.

ಅಪ್ಪನ ಕೋಣೆಯಲ್ಲಿ ಹಾಸಿಗೆ ಹಾಸಿದ್ದೇನೆ. ಅಲ್ಲಿ ಹೀಟರ್ ಹಾಕಬೇಡ. ಇನ್ನು ಅವರಿಗೆ ಚಳಿಯಾಗುವುದಿಲ್ಲ.

ಅಕ್ಕ